ಅತ್ತೆಯ ಅರ್ಧ ಮನೆ

ನಾಗರ ಪಂಚಮಿಗೆ ಇನ್ನೂ ಒಂದು ವಾರವಿರುವಾಗ ನನ್ನ ತಮ್ಮ ಕಾರು ಮಾಡಿಕೊಂಡು ಇಂಡಿಗೆ ಬಂದ. ಕೈಯಲ್ಲಿ ಇಳಕಲ್ ಸೀರೆ, ಡಬ್ಬಿಯ ತುಂಬ ಶೇಂಗಾ ಉಂಡಿ, ಮುಖದ ತುಂಬ ಅಕ್ಕರೆ. ಅಪ್ಪ ಹೋದ ಮೇಲೆ ಹಬ್ಬಕ್ಕೆ ತವರಿನಿಂದ ನನಗೆ ಬರುತ್ತಿದ್ದದ್ದು ಮೊಬೈಲಿನಲ್ಲಿ ನಾಗಪ್ಪನ ಚಿತ್ರ ಮಾತ್ರ. ಅದೂ ಇನ್ಯಾರೋ ಅವನಿಗೆ ಕಳಿಸಿದ್ದು. ಹೀಗಾಗಿ ಸೀರೆ ನೋಡಿದ ಕೂಡಲೇ ನನಗೆ ತಿಳಿದುಹೋಯಿತು. ಸಿಂದಗಿಯ ತವರುಮನೆ ಮಾರಾಟಕ್ಕಿದೆ, ಯಾರೋ ಬುದ್ಧಿವಂತರು ನನ್ನ ಸಹಿಯೂ ಬೇಕೆಂದಿದ್ದಾರೆ.

ನಮ್ಮ ಕಡೆ ಅಕ್ಕತಂಗಿಯರ ಪಾಲಿಗೆ ಅಚ್ಚುಕಟ್ಟಾದ ವ್ಯವಸ್ಥೆಯಿದೆ. ಸೀರೆ ಕೊಟ್ಟರೆ ಸಹಿ ಬರುತ್ತದೆ, ಸಹಿ ಕೊಟ್ಟರೆ ತವರು ಉಳಿಯುತ್ತದೆ. ಕೊಡದಿದ್ದವಳಿಗೆ ಕಾಯಿದೆಯ ಪ್ರಕಾರ ಪಾಲು ಸಿಗುತ್ತದೆ, ಆದರೆ ಪಂಚಮಿಗೆ ಕರೆಯುವವರು ಇರುವುದಿಲ್ಲ. ಕರೆಯಿಲ್ಲದೆ ಇರುವುದನ್ನು ತಮ್ಮ ನನಗೆ ಮೊದಲೇ ರೂಢಿ ಮಾಡಿಸಿದ್ದರಿಂದ ಆ ಭಯ ನನಗಿರಲಿಲ್ಲ. ಸೀರೆ ಚಲೋ ಇತ್ತು, ಇಟ್ಟುಕೊಂಡೆ. ಸಹಿ ಮಾತ್ರ ನನ್ನ ಪಾಲು ಎಷ್ಟೆಂದು ತಿಳಿದ ಮೇಲೆ ಎಂದೆ.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಹಕ್ಕು ಎಂಬ ಪಾಠ ಬಂದರೆ ನನ್ನ ದನಿ ತಾನಾಗಿಯೇ ಏರುತ್ತದೆ. ಇಂಡಿಯಿಂದ ಸಿಂದಗಿಯವರೆಗೂ ಹಿಂದಿನ ಸೀಟಿನಲ್ಲಿ ಕೂತು, ಮಗಳಿಗೂ ಮಗನಷ್ಟೇ ಪಾಲು, ಕಾನೂನು ಎಷ್ಟು ನ್ಯಾಯವಾಗಿದೆ ಎಂದು ತಮ್ಮನಿಗೆ ಪಾಠ ಮಾಡಿದೆ. ಅವ್ವನೂ ತೀರಿಹೋಗಿದ್ದಳು, ಉಳಿದವರು ನಾವಿಬ್ಬರೇ. ಹೀಗಾಗಿ ಅರ್ಧ ಮನೆ ನನ್ನದು ಎಂಬ ಲೆಕ್ಕ ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು. ತಮ್ಮ ಕಿಟಕಿಯ ಹೊರಗಿನ ಕಬ್ಬು ನೋಡುತ್ತ ಕೂತಿದ್ದ.

ಮನೆ ಕೊಳ್ಳುವವನು ಸಿಂದಗಿಯ ತೊಗರಿ ವ್ಯಾಪಾರಿ. ಒಂದು ಹಿಡಿ ಕಾಳು ನೋಡಿ ಲಾರಿಗಟ್ಟಲೆ ತೊಗರಿ ಕೊಳ್ಳುವ ಮನುಷ್ಯ, ಮನೆ ಅಂದಕೂಡಲೇ ವಕೀಲರನ್ನು ಹಿಡಿದಿದ್ದ. ಆ ವಕೀಲರು ಬಹಳ ಸಣ್ಣ ದನಿಯಲ್ಲಿ ಬಹಳ ಬೇಡವಾದ ಪ್ರಶ್ನೆಗಳನ್ನು ಕೇಳುತ್ತಿದ್ದರು. ಮನೆ ಯಾರು ಕೊಂಡದ್ದು? ಅಜ್ಜ, ಕಾಳಿನ ದಲಾಲಿ ಮಾಡುವ ತನ್ನ ಅಡತಿ ಅಂಗಡಿಯ ದುಡಿಮೆಯಲ್ಲಿ. ಮೃತ್ಯುಪತ್ರ, ಉಯಿಲು ಏನಾದರೂ ಬರೆದಿದ್ದರೇ? ಇಲ್ಲ. ಮತ್ತೆ ನಿಮ್ಮ ತಂದೆಯ ಹೆಸರಿಗೆ ಹೇಗೆ ಬಂತು? ಅಜ್ಜ ತೀರಿದ ಮೇಲೆ ಅಪ್ಪ ಪುರಸಭೆಗೆ ಹೋಗಿ ಹೆಸರು ಹಚ್ಚಿಸಿಕೊಂಡಿದ್ದರು ಎಂದು ತಮ್ಮ ಹೆಮ್ಮೆಯಿಂದ ಹೇಳಿದ. ಪುರಸಭೆಯವರು ಹೆಸರು ಬರೆದುಕೊಳ್ಳುವುದು ತೆರಿಗೆ ವಸೂಲಿಗೆ, ಅದರಿಂದ ಮಾಲಕಿ ಹಕ್ಕು ಬರುವುದಿಲ್ಲ ಎಂದರು ವಕೀಲರು.

ಆಮೇಲೆ ತಮ್ಮ ತಂದಿದ್ದ ವಂಶಾವಳಿ ನೋಡಿದರು. ಅಜ್ಜ, ಅಪ್ಪ, ತಮ್ಮ. ಆಮೇಲೆ ನೆನಪಾದಂತೆ ಕೊನೆಗೆ ನಾನು. ಅಜ್ಜನಿಗೆ ಹೆಣ್ಣುಮಕ್ಕಳು ಇದ್ದರೇ ಎಂದು ಕೇಳಿದರು.

"ಒಬ್ಬಾಕಿ ಅದಾಳ್ರಿ, ಹೊರ್ತಿಯಾಗ. ಆದ್ರ ಆಕಿನ್ನ ಕೊಟ್ಟೇವಲ್ರಿ," ಎಂದ ತಮ್ಮ.

"ಕೊಟ್ಟಿದ್ದು ಆಕಿನ್ನ. ಆಕಿ ಪಾಲು ಕೊಟ್ಟಿಲ್ಲಲ್ರಿ," ಎಂದರು ವಕೀಲರು.

ಅಜ್ಜಿ ಅಜ್ಜನಿಗಿಂತ ಮೊದಲೇ ಹೋಗಿದ್ದಳು. ಮಕ್ಕಳು ಇಬ್ಬರೇ, ಅಪ್ಪ ಮತ್ತು ಹೊರ್ತಿಯ ಈ ಅತ್ತೆ. ಆದ್ದರಿಂದ ಅರ್ಧ ಮನೆ ಅತ್ತೆಯದು. ಅಪ್ಪನ ಅರ್ಧದಲ್ಲಿ ನಾವಿಬ್ಬರು, ಒಬ್ಬೊಬ್ಬರಿಗೆ ನಾಲ್ಕಾಣೆ. ಇಡೀ ಮನೆ ತನ್ನದೆಂದು ತಿಳಿದಿದ್ದ ತಮ್ಮನ ಮುಖ ನೋಡಲು ನನಗೆ ಖುಷಿಯಾಗಬೇಕಿತ್ತು. ಆದರೆ ಅರ್ಧ ಎಂದುಕೊಂಡಿದ್ದ ನನ್ನ ಮುಖವೂ ಅವನಿಗೆ ಕಾಣುತ್ತಿತ್ತು. ಕಾನೂನಿನ ನ್ಯಾಯದ ಬಗ್ಗೆ ಆ ದಿನ ನಾನು ಮತ್ತೆ ಮಾತೆತ್ತಲಿಲ್ಲ.

ಮರುದಿನ ಇಬ್ಬರೂ ಹೊರ್ತಿಗೆ ಹೊರಟೆವು. ದಾರಿಯಲ್ಲಿ ಅಂಗಡಿಗೆ ಹೋಗಿ ಸೀರೆ ಕೊಂಡೆವು. ಈ ಸಲ ಆರಿಸಿದವಳು ನಾನು, ಸಾದಾ ಬಣ್ಣದ್ದು. ಅತ್ತೆಯ ಗಂಡ ತೀರಿ ಒಂದು ಕಾಲವಾಗಿತ್ತು. ಗಂಡನಿಲ್ಲದವಳಿಗೆ ನಮ್ಮಲ್ಲಿ ಉಡಿ ತುಂಬುವುದಿಲ್ಲ. ಉಡಿ ತುಂಬುವುದಿಲ್ಲವಾದ್ದರಿಂದ ಹಬ್ಬಕ್ಕೆ ಕರೆಯುವುದೂ ಇಲ್ಲ, ಕರೆಯುವುದಿಲ್ಲವಾದ್ದರಿಂದ ಅವಳು ವಂಶಾವಳಿಯಿಂದಲೂ ಜಾರಿಹೋಗಿದ್ದಳು. ಇದರಲ್ಲಿ ಯಾರ ತಪ್ಪೂ ಇಲ್ಲ, ಎಲ್ಲರೂ ಸಂಪ್ರದಾಯಸ್ಥರು.

ಅತ್ತೆ ಮೊಮ್ಮಗನ ಮನೆಯ ಕಟ್ಟೆಯ ಮೇಲೆ ಕೂತು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಸೀರೆಯ ಸೆರಗು ಮುಟ್ಟಿ ನೋಡಿ, ಯಾರಾದರೂ ಸತ್ತಿದ್ದಾರೇನು ಎಂದು ಕೇಳಿದಳು. ಯಾರೂ ಸತ್ತಿಲ್ಲ ಎಂದು ಹೇಳಿ ನಾನು ವಿಷಯ ತಿಳಿಸಿದೆ. ಮನೆಯಲ್ಲಿ ಅರ್ಧ ಅವಳದೆಂಬ ಮಾತನ್ನು ಅವಳು ಎರಡೆರಡು ಸಲ ಹೇಳಿಸಿದಳು. ಆಮೇಲೆ ಬೇಳೆಯ ಮೊರ ಕೆಳಗಿಟ್ಟಳು.

"ನಿಮ್ಮ ಮಾವ ಸತ್ತಾಗ ಕೂಸಿನ್ನ ಎತ್ಕೊಂಡು ಅಲ್ಲಿಗೇ ಬಂದಿದ್ನಿ. ಕೊಟ್ಟ ಹೆಣ್ಣು ತವರಾಗ ಕುಂತ್ರ ಮಂದಿ ಆಡ್ಕೋತಾರ ಅಂತ ನಿಮ್ಮಪ್ಪ ಬಸ್ಸಿಗೆ ಹತ್ತಿಸಿ ಕಳಿಸ್ದ. ಅವತ್ತೂ ಅದು ನನ್ನ ಮನೀನ ಏನು?"

ಹೌದು ಎಂದೆ. ಅಜ್ಜ ಅಷ್ಟರಲ್ಲೇ ತೀರಿಹೋಗಿದ್ದ. ತನ್ನದೇ ಮನೆಯಿಂದ ಹೊರಬಿದ್ದ ಅತ್ತೆ ಹೊರ್ತಿಗೆ ಮರಳಿ ಕಂಡವರ ಹೊಲದಲ್ಲಿ ಕಸ ತೆಗೆದು ಆ ಕೂಸನ್ನು ಬೆಳೆಸಿದಳು. ನನಗೆ ಅಪ್ಪನ ಮೇಲೆ ಕೆಟ್ಟ ಸಿಟ್ಟು ಬಂತು. ಅವರು ನನಗೆ ಬಹಳ ಒಳ್ಳೆಯ ಅಪ್ಪ, ಅದಕ್ಕೇ ಸಿಟ್ಟು ಹೆಚ್ಚಾಯಿತು.

ತಮ್ಮ ಇದೇ ಹೊತ್ತು ನೋಡಿ ಬರೆಸಿ ತಂದಿದ್ದ ಕಾಗದ ತೆಗೆದ. ಅದು ಹಕ್ಕು ಬಿಡುಗಡೆ ಪತ್ರ. ಓದಿ ಹೇಳು ಎಂದು ಅತ್ತೆ ಅದನ್ನು ನನ್ನ ಕೈಗೆ ಕೊಡಿಸಿದಳು. 'ನನ್ನ ಹಕ್ಕನ್ನು ಪ್ರೀತಿ ವಿಶ್ವಾಸದಿಂದ, ಯಾವ ಪ್ರತಿಫಲವೂ ಇಲ್ಲದೆ ಬಿಟ್ಟುಕೊಟ್ಟಿರುತ್ತೇನೆ' ಎಂಬಲ್ಲಿಗೆ ಬಂದಾಗ ನನ್ನ ಪಾಠ ಮಾಡುವ ದನಿ ಎಲ್ಲಿಗೋ ಹೋಗಿತ್ತು.

"ಬಿಟ್ಟು ಕೊಡಾಕ ಬರಸ್ಕೊಂಡು ಬಂದೀಯಪ್ಪ," ಎಂದಳು ಅತ್ತೆ ತಮ್ಮನಿಗೆ. "ಮಾರಾಕ ಬರಸ್ಕೊಂಡು ಬಾ. ಅದಕ್ಕಿಂತ ಮೊದಲ ನಾ ಆ ಮನ್ಯಾಗ ಒಂದೀಟು ದಿನ ಇರ್ಬೇಕು."

ಬೇಡವೆನ್ನಲು ತಮ್ಮನಿಗೆ ಧೈರ್ಯವಿರಲಿಲ್ಲ, ಯಾಕೆಂದರೆ ವ್ಯಾಪಾರಿ ಇಸಾರದ ಮುಂಗಡ ಹಣ ಕೊಟ್ಟಾಗಿತ್ತು. ಅತ್ತೆ ತನ್ನ ಗಂಟು ಕಟ್ಟಿಕೊಂಡು ಅದೇ ಕಾರಿನಲ್ಲಿ ಸಿಂದಗಿಗೆ ಬಂದಳು. ಹೆಂಗಸರು ಒಳಗಿನ ಕೋಣೆಯಲ್ಲಿ ಮಲಗುವುದು ಆ ಮನೆಯ ಪದ್ಧತಿ. ಅತ್ತೆ ಗಂಡಸರು ಕೂರುವ ಪಡಸಾಲೆಯಲ್ಲೇ ಹಾಸಿಗೆ ಹಾಕಿಸಿಕೊಂಡಳು. ಚಹಾದಲ್ಲಿ ಸಕ್ಕರೆ ಕಡಿಮೆ ಎಂದಳು, ಅಂಗಳದ ಬೇವಿನ ಟೊಂಗೆ ಕಡಿಸಿದಳು, ತಮ್ಮನ ಹೆಂಡತಿ ಟಿವಿ ಹಚ್ಚುವ ಮೊದಲು ಅತ್ತೆಯ ಮುಖ ನೋಡುವಂತಾಯಿತು. ಪಂಚಮಿಗೆ ತವರಿಗೆ ಬಂದ ಓಣಿಯ ಹೆಣ್ಣುಮಕ್ಕಳು ನೋಡಲು ಬಂದರು. ತವರಿಗೆ ಬಂದವಳಿಗೆ ಕೇಳುವ ಪ್ರಶ್ನೆ ನಮ್ಮಲ್ಲಿ ಒಂದೇ, ಯಾವಾಗ ಬಂದಿ, ಯಾವಾಗ ಹೋಗಾಕಿ. ಅತ್ತೆ ಎಲ್ಲರಿಗೂ ಒಂದೇ ಉತ್ತರ ಕೊಟ್ಟಳು, ಮಾರುವತನಕ ಇರುತ್ತೇನೆ ಎಂದು. ನಾನೂ ಹಬ್ಬ ಮುಗಿಸಿ ಅಲ್ಲೇ ಉಳಿದೆ. ಅಷ್ಟು ಚಂದದ ಪಂಚಮಿಯನ್ನು ನಾನು ಆ ಮನೆಯಲ್ಲಿ ಕಂಡಿರಲಿಲ್ಲ.

ನೋಂದಣಿಯ ದಿನ ಕಾಗದದಲ್ಲಿ ಮಾರುವವರ ಸಾಲಿನಲ್ಲಿ ಮೊದಲ ಹೆಸರು ಅತ್ತೆಯದು, ಮನೆಯ ಅರ್ಧ ಹಣ ಅವಳ ಖಾತೆಗೆ ಎಂದೂ ಬರೆದಿತ್ತು. ಹೊಸ ಸೀರೆ ಉಟ್ಟು ಬಂದಿದ್ದಳು. ಹೆಬ್ಬೆರಳು ಯಂತ್ರದ ಮೇಲೆ ಇಡುವ ಮೊದಲು ಅಧಿಕಾರಿ, ದಿನಾ ಎಲ್ಲರಿಗೂ ಕೇಳುವ ಮಾತನ್ನು ಕಂಪ್ಯೂಟರ್ ನೋಡುತ್ತಲೇ ಕೇಳಿದರು. ಯಾರದಾದರೂ ಒತ್ತಾಯ ಇದೆಯೇ ಅಜ್ಜಿ, ನಿಮ್ಮ ಖುಷಿಯಿಂದಲೇ ಈ ಮನೆ ಬಿಡುತ್ತಿದ್ದೀರೇನು?

ಅತ್ತೆ ಮುಂದೆ ಚಾಚಿದ್ದ ಹೆಬ್ಬೆರಳನ್ನು ಹಿಂದಕ್ಕೆ ತೆಗೆದಳು. ಹಿಂದೆ ನಿಂತಿದ್ದ ತಮ್ಮ ಸಣ್ಣಗೆ ಕೆಮ್ಮಿದ. ಇನ್ನೊಮ್ಮೆ ಕೇಳಪ್ಪ ಎಂದಳು ಅವಳು. ಅಧಿಕಾರಿ ತಲೆಯೆತ್ತಿ ಇನ್ನೊಮ್ಮೆ ಕೇಳಿದರು.

"ಹೌದಪ್ಪ, ಈಗ ನನ್ನ ಖುಷಿಲೆ ಬಿಡಾಕತ್ತೇನಿ," ಎಂದು ಹೆಬ್ಬೆರಳು ಇಟ್ಟಳು. "ಆ ಮನಿ ಬಿಟ್ಟು ಹೋಗಾಕ ನಿನಗ ಖುಷಿ ಐತೇನವಾ ಅಂತ ನನ್ನ ಕೇಳಿದಾಂವ ನೀ ಒಬ್ಬನ ನೋಡು."