ನೋವಿಗೆ ಹತ್ತಕ್ಕೆ ಎಷ್ಟು

ಡಾಕ್ಟರು ರಕ್ತ ಕಡಿಮೆ ಎಂದರು. ಇರಬಹುದು. ಆದರೆ ನನ್ನ ಮಗಳನ್ನು ಬೀಳಿಸಿದ್ದು ನನ್ನ ಬಡಾಯಿ.

ನಾವು ಸಿದ್ದಿ ಜನ, ಹಳಿಯಾಳದ ಕಡೆಯವರು. ಮೈ ಕಪ್ಪು, ಕೂದಲು ಗುಂಗುರು. ಇಲ್ಲಿ, ಈ ಬಿಳಿಯರ ದೇಶದಲ್ಲಿ, ನಮ್ಮನ್ನು ಆಫ್ರಿಕಾದವರೆಂದೇ ತಿಳಿಯುತ್ತಾರೆ. ಅಜ್ಜನ ಅಜ್ಜ ಅಲ್ಲಿಯವನೇ, ಜಗಳ ಯಾಕೆ. ಊರಲ್ಲಿ ಭಾರದ ಮೂಟೆ ಕಂಡರೆ ‘ಸಿದ್ದಿ ಹೆಂಗಸಿಗೆ ಹೊರಿಸು, ಅವಳಿಗೇನೂ ಆಗೂದಿಲ್ಲ’ ಎನ್ನುತ್ತಿದ್ದರು. ಮಗಳು ನರ್ಸ್ ಓದಿ ಇಲ್ಲಿಯ ನಾರ್‌ಶೋಪಿಂಗ್ ಎಂಬ ಊರಿನ ಒಂದು ವೃದ್ಧಾಶ್ರಮಕ್ಕೆ ಸೇರಿದಳು, ನಾನೂ ಅವಳ ಜೊತೆ ಬಂದೆ. ಇಲ್ಲಿಯವರು ಮರ್ಯಾದಸ್ಥರು. ‘ನೀನೆಷ್ಟು ಗಟ್ಟಿ’ ಎಂದು ನಕ್ಕು, ದಪ್ಪ ಮುದುಕರನ್ನೆಲ್ಲ ಎತ್ತುವುದನ್ನು ಅವಳಿಗೇ ಬಿಡುತ್ತಾರೆ. ಅವಳೂ ಎತ್ತುತ್ತಾಳೆ. ಮುಟ್ಟಿನ ರಕ್ತ ಹದಿನೈದು ದಿನ ಹರಿದರೂ ರಜೆ ಹಾಕಲಿಲ್ಲ. ಒಂದು ಮಧ್ಯಾಹ್ನ ಎಲ್ಲರೂ ಫೀಕಾ ಎಂಬ ಕೆಲಸದ ನಡುವಿನ ಬಿಡುವಿಗೆ ಕೂತು ಕಾಫಿ ಕುಡಿಯುವಾಗ ಕಪ್ಪಿನ ಸಮೇತ ನೆಲಕ್ಕೆ ಬಿದ್ದಳು.

ಆಸ್ಪತ್ರೆಗೆ ನಾನೂ ಹೋದೆ. ಡಾಕ್ಟರಮ್ಮ ಇಲ್ಲಿಯ ಭಾಷೆಯಲ್ಲಿ ಏನೋ ಕೇಳಿದಳು, ಮಗಳು ಏನೋ ಹೇಳಿದಳು.

‘ಏನಂತೆ?’

‘ನೋವಿಗೆ ಹತ್ತಕ್ಕೆ ಎಷ್ಟು ಅಂತ. ಮೂರು ಅಂದೆ.’

‘ತುಟಿ ಕಚ್ಚಿ ಗಾಯ ಮಾಡ್ಕೊಂಡೀಯ, ಮೂರಂತೆ.’

‘ನೀನು ನನ್ನ ಹೆತ್ತ ಸಂಜೇನೇ ಸೌದೆ ಹೊತ್ತವಳು ಅವ್ವಾ. ನಾನು ಹೊಟ್ಟೆನೋವಿಗೆ ಅಳ್ಲಾ?’

ಆ ಕತೆಯನ್ನು ಅವಳಿಗೆ ನೂರು ಸಲ ಹೇಳಿದ್ದೇನೆ.

‘ಅದು ಸುಳ್ಳು ಮಾರಾಯ್ತಿ. ಹನ್ನೆರಡು ದಿನ ಎದ್ದಿಲ್ಲ. ನಿನ್ನಜ್ಜಿ ಗಂಜಿ ಕುಡಿಸಿದಳು. ಉಚ್ಚೆಗೂ ಅವಳೇ ಹಿಡ್ಕೊಂಡು ಹೋಗ್ತಿದ್ದಳು.’

ಮಗಳು ಡಾಕ್ಟರಮ್ಮನನ್ನು ಮರೆತು ನನ್ನನ್ನೇ ನೋಡಿದಳು. ‘ಮತ್ತೆ ಯಾಕೆ ಹಾಂಗೆ ಹೇಳ್ದೆ?’

‘ಕೇಳೂಕೆ ಚಲೋ ಇತ್ತು.’

ನಾನು ಡಾಕ್ಟರಮ್ಮನ ಮೂಗಿನ ಮುಂದೆ ಹತ್ತೂ ಬೆರಳು ಬಿಚ್ಚಿ ಹಿಡಿದೆ. ಮಗಳು ನನ್ನ ಒಂದು ಕಿರುಬೆರಳನ್ನು ಮಡಚಿದಳು. ಒಂಬತ್ತು. ಆಗ ಅವಳನ್ನು ಮಲಗಿಸಿ ಸರಿಯಾಗಿ ನೋಡಿದರು. ಗರ್ಭಕೋಶದಲ್ಲಿ ಗಡ್ಡೆ. ಆಪರೇಷನ್ ಆಗಬೇಕು, ಅಲ್ಲಿಯವರೆಗೆ ಏನನ್ನೂ ಎತ್ತಬಾರದು.

ಮಾರನೆಯ ಬೆಳಿಗ್ಗೆ ಏಳಕ್ಕೆ ಆಶ್ರಮದಿಂದ ಫೋನು. ಯಾರೋ ಕೆಲಸಕ್ಕೆ ಬಂದಿಲ್ಲವಂತೆ. ಮಗಳು ಆಗಲೇ ಕಾಲುಚೀಲ ಹುಡುಕುತ್ತಿದ್ದಳು.

‘ಅರ್ಧ ದಿನ ಅಷ್ಟೇ ಅವ್ವಾ. ಗಟ್ಟಿ ಇದ್ದೇನೆ.’

‘ಗಟ್ಟಿ ಆಗೂದು ನಿನ್ನೆಯ ರೊಟ್ಟಿ. ಮಲಗು.’

ಇಲ್ಲಿ ಇಲ್ಲ ಎನ್ನಲು ನೇಯ್ ಎನ್ನುತ್ತಾರೆ. ನನಗೆ ಬರುವುದು ಅದೊಂದೇ. ಫೋನು ಕಿತ್ತುಕೊಂಡು ಮೂರು ಸಲ ನೇಯ್ ಎಂದೆ. ಆಮೇಲೆ ಅದನ್ನು ಅಕ್ಕಿ ಡಬ್ಬಿಯೊಳಗೆ ಹಾಕಿ ಮುಚ್ಚಳ ಬಿಗಿದೆ.