ಬಿಲ್ಲಿನ ಹೊಟ್ಟೆಯ ಮೇಲಿನ ಗೆರೆ

ಶ್ರೀಪಾದರಾಯರು ಯಾರನ್ನು ಮಾತಾಡಿಸಿದರೂ ಮೊದಲು ಒಂದು ಕಣ್ಣು ಮುಚ್ಚಿ ಅವರ ಭುಜಗಳನ್ನು ನೋಡುತ್ತಿದ್ದರು. ಲಿಂಗಂಪಲ್ಲಿಯಲ್ಲಿದ್ದ ಅವರ ಮನೆಯ ಮಹಡಿ ಕೋಣೆಯನ್ನು ಬಾಡಿಗೆಗೆ ಕೇಳಲು ಹೋದ ದಿನ ಅವರು ನನ್ನ ಊರು ಕೇಳಲಿಲ್ಲ, ಕೆಲಸ ಕೇಳಲಿಲ್ಲ. “ಎಡಗಡಿ ಭುಜ ಜರಾ ಮ್ಯಾಲ ಐತಿ ನಿಮ್ದು. ಕಂಪ್ಯೂಟರ್ ಮುಂದ ವಾರಿ ಕೂಡ್ತೀರೇನು?” ಎಂದರು. ಅವರು ಮುಚ್ಚಿದ್ದು ಎಡಗಣ್ಣು ಎಂದು ಬರೆಯಹೊರಟೆ, ಬಲಗಣ್ಣೂ ಇರಬಹುದು. ಮೈಸೂರಿನಲ್ಲಿ ಭೌತಶಾಸ್ತ್ರ ಓದಿ, ಹೈದರಾಬಾದಿಗೆ ಬಂದು ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವ ನೌಕರಿ ಮಾಡುತ್ತಿದ್ದವನು ನಾನು. ಪರೀಕ್ಷಿಸದೆ ಏನನ್ನೂ ನಂಬದ ಚಟ ಆಗಲೇ ಅಂಟಿತ್ತು. ಈಗ ಅದು ನನ್ನ ನೆನಪಿನ ಮೇಲೇ ತಿರುಗಿಬಿದ್ದಿದೆ.

ರಾಯರ ಅಜ್ಜನ ಕಾಲಕ್ಕೇ ಅವರ ಮನೆತನ ಕಲಬುರಗಿ ಕಡೆಯಿಂದ ಬಂದು ಹೈದರಾಬಾದಿನ ಸರ್ಕಾರಿ ನೌಕರಿಗಳಲ್ಲಿ ಬೇರುಬಿಟ್ಟಿತ್ತು. ಅವರು ನೀರಾವರಿ ಇಲಾಖೆಯಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದವರು. ಗೇಟಿನಾಚೆ ತೆಲುಗು, ಒಳಗೆ ಕನ್ನಡ. ಭದ್ರಾಚಲದ ಕಾಡಿನಲ್ಲಿ ಕಾಲುವೆ ಕೆಲಸಕ್ಕಿದ್ದಾಗ ಬಿಲ್ಲು ಮಾಡುವುದನ್ನು ಕಲಿತರಂತೆ. ಹೆಂಡತಿ ತೀರಿಕೊಂಡ ಮೇಲೆ ಅದೊಂದೇ ಅವರ ಕೆಲಸವಾಯಿತು. ಪಟಾನ್‌ಚೆರುವಿನಲ್ಲಿ ಕೊಡಲಿ ಕಾವು ಮಾಡುವ ಡಿಪೋಗೆ ಬಸ್ಸಿನಲ್ಲಿ ಹೋಗಿ, ದಡಸಲು ಮರದ ತುಂಡುಗಳನ್ನು ಒಂದೊಂದಾಗಿ ತಿರುವಿ, ಎಳೆ ನೇರವಾಗಿರುವುದೊಂದನ್ನು ಹೆಗಲ ಮೇಲೆ ಹೊತ್ತು ತರುತ್ತಿದ್ದರು. ಬಸ್ಸಿನಲ್ಲಿ ಅದಕ್ಕಾಗಿ ಕಂಡಕ್ಟರನ ಜೊತೆ ಜಗಳ ಬೇರೆ.

ವರಾಂಡದ ಗೋಡೆಗೆ ಒಂದು ಹಲಗೆ ನೆಟ್ಟಗೆ ಬಡಿದಿತ್ತು. ಬಿಲ್ಲಿನ ಹಿಡಿಯನ್ನು ಅದರ ನೆತ್ತಿಯ ಮೇಲೆ ಕೂರಿಸಿ, ಹಗ್ಗವನ್ನು ಕೆಳಕ್ಕೆ ಎಳೆದು ಹಲಗೆಯಲ್ಲಿ ಕೊರೆದ ಒಂದು ಕಚ್ಚಿಗೆ ಸಿಕ್ಕಿಸಿ, ರಾಯರು ಅಂಗಳದ ತುದಿಗೆ ಹೋಗಿ ನಿಲ್ಲುತ್ತಿದ್ದರು. ಹಿಡಿಯ ಮೇಲೆ ಕೆಳಗಿನ ಎರಡೂ ತೋಳುಗಳು ಒಂದೇ ಸಮ ಬಾಗಿವೆಯೇ? ಎಲ್ಲಿ ಬಿಗಿಯಿದೆ? ಬಿಗಿ ಕಂಡಲ್ಲಿ, ಬಿಲ್ಲುಗಾರನ ಕಡೆಗಿರುವ ಹೊಟ್ಟೆಯ ಭಾಗವನ್ನು ಒಡೆದ ಗಾಜಿನ ಅಂಚಿನಿಂದ ಕೆರೆಯಬೇಕು. ಆಚೆ ಬದಿಯ ಬೆನ್ನಿನ ಎಳೆಯನ್ನು ಮುಟ್ಟಬಾರದು. ಮತ್ತೆ ಎಳೆಯಬೇಕು, ಮತ್ತೆ ನೋಡಬೇಕು, ಆಮೇಲೆ ಇನ್ನೊಂದು ಕಚ್ಚು ಕೆಳಕ್ಕೆ. ಗಚ್ಚಿಬೌಲಿ ಕಡೆ ಏಳುತ್ತಿದ್ದ ಕಟ್ಟಡಗಳ ಬುಡದಿಂದ ಗಾಜಿನ ಚೂರು ಆರಿಸಿ ತರುತ್ತಿದ್ದರು. “ನಿಮ್ಮ ಐಟಿ ಗಾಜು ಭಾಳ ಚಲೋರಿ, ಮೈಸೂರೋರ. ನಿಮ್ಮಿಂದ ಇಷ್ಟರ ಉಪಯೋಗ ಆತು.”

ಗುಮಾನಿಯಿಂದಲೇ ಒಂದು ಸಂಜೆ ಅವರನ್ನು ಕೆಣಕಿದೆ: “ಎರಡೂ ತೋಳು ಅಷ್ಟು ಕರಾರುವಾಕ್ಕಾಗಿ ಸಮ ಇರಬೇಕು ಅಂತ ಯಾರು ಹೇಳಿದ್ದು?”

“ಯಾರೂ ಹೇಳಿಲ್ಲ. ನನಗ ಕಾಣ್ತೈತಿ.”

“ಕೆರೆದಷ್ಟೂ ಬಿಲ್ಲಿನ ಸೆಳೆತ ಕಡಿಮೆ ಆಗುತ್ತಲ್ಲ?”

“ಆಗ್ತೈತಿ,” ಎಂದರು. “ಕೆರೆಯೂದು ಸಸ್ತಾ ಕೆಲಸರಿ. ನಿಲ್ಲಸೂದು ಭಾಳ ತ್ರಾಸು.”

ಹಾಗೆ ಹೇಳುತ್ತಲೇ ಮತ್ತೆ ಕೆರೆದರು. ಅವರ ದೋಷವೇ ಅದು. ಗಡಸು ಬಿಲ್ಲಾಗಿ ಶುರುವಾದದ್ದು ಸಮವಾಗುತ್ತಾ ಆಗುತ್ತಾ ಮಕ್ಕಳ ಆಟಿಕೆಯಾಗುತ್ತಿತ್ತು. ಬಾಗಿದಾಗ ಎಷ್ಟು ಚಂದವೆಂದರೆ ನೋಡುತ್ತ ನಿಲ್ಲಬೇಕು. ಅಂಥ ಎರಡು ಬಿಲ್ಲುಗಳು ಹಿತ್ತಲಲ್ಲಿ ಬಟ್ಟೆ ಒಣಹಾಕುವ ಹಗ್ಗಕ್ಕೆ ಆಸರೆಯಾಗಿದ್ದವು.

“ನಮ್ಮಪ್ಪಾ ಮಾಡಿದ ಬಿಲ್ಲು ನಮಸ್ಕಾರ ಭಾಳ ಚಂದ ಮಾಡ್ತಾವ್ರಿ,” ಎನ್ನುತ್ತಿದ್ದಳು ಮಗಳು ವೈದೇಹಿ. “ಬಾಣ ಅಷ್ಟ ಮುಂದಕ್ಕ ಹೋಗೂದಿಲ್ಲ.”

“ಬಾಯಿ ಭಾಳ ಆಗೇತಿ ನಿಂದು.”

“ಸುಳ್ಳೇನಪ್ಪಾ? ಹೋದ ವರ್ಷದ್ದು ಗುರಿ ತನಕಾ ಮುಟ್ಟಿತ್ತೇನು?”

ವೈದೇಹಿ ಕಾಲೇಜಿನಲ್ಲಿದ್ದಳು, ಮರದ ಬಿಲ್ಲಿನ ವಿಭಾಗದಲ್ಲಿ ಸ್ಪರ್ಧಿಸುತ್ತಿದ್ದಳು. ವಯಸ್ಸಿನ ಮಿತಿಯಲ್ಲಿ ಅವಳಿಗೆ ಅದೇ ಕೊನೆಯ ವರ್ಷ. ಮೊದಲು ಜಿಲ್ಲೆಯ ಆಯ್ಕೆ, ಅದರಲ್ಲಿ ಗೆದ್ದರೆ ರಾಜ್ಯ ತಂಡದ ಆಯ್ಕೆ. ಉಳಿದವರೆಲ್ಲ ಅಂಗಡಿಯ ಬಿದಿರು ಬಿಲ್ಲು ತರುತ್ತಿದ್ದರು. ಅದು ಮಗಳ ಕೈಯಲ್ಲಿ ಮುರಿದರೆ ಯಾರು ಜವಾಬ್ದಾರಿ ಎಂಬುದು ರಾಯರ ಪ್ರಶ್ನೆ. ಕಾಡಿನಲ್ಲೊಮ್ಮೆ ಒಬ್ಬ ಮನುಷ್ಯ ಎಳೆದು ಹಿಡಿದಾಗಲೇ ಬಿಲ್ಲು ಸಿಡಿದು, ಸಿಬಿರು ಅವನ ಕಣ್ಣು ಹೊಕ್ಕಿದ್ದನ್ನು ತಾವು ಕಂಡಿದ್ದಾಗಿ ಅವರು ನನಗೆ ಹೇಳಿದ್ದರು. ಒಂದೇ ಕಡೆ ಹೆಚ್ಚು ಬಾಗುವ ಬಿಲ್ಲು ಅಲ್ಲೇ ಮುರಿಯುತ್ತದೆ. ಅದಕ್ಕೇ ಇಷ್ಟು ಕೆರೆತ. ಆದರೆ ವೈದೇಹಿ ಈ ಕತೆಯನ್ನು ಕೇಳಿಯೇ ಇಲ್ಲವಂತೆ. ಅವರು ನನಗೊಬ್ಬನಿಗೇ ಹೇಳಿದರೋ, ಅವರ ಹಟಕ್ಕೊಂದು ಕಾರಣ ಬೇಕೆಂದು ನಾನೇ ಕಟ್ಟಿಕೊಂಡೆನೋ ತಿಳಿಯದು.

ಜಿಲ್ಲೆಯ ಆಯ್ಕೆಯ ದಿನ ಬೆಳಿಗ್ಗೆಯೂ ಬಿಲ್ಲು ಹಲಗೆಯ ಮೇಲೇ ಇತ್ತು.

“ಅಪ್ಪಾ, ಹೊತ್ತಾತು.”

“ಠೈರು. ಕೆಳಗಿನ ತೋಳು ಇನ್ನೂ ಬಿಗಿ ಐತಿ.”

“ಇರ್ಲಿ. ನನ್ನ ಕೈಗೆ ಗೊತ್ತೈತಿ.”

“ಇನ್ನೊಂದೀಟು ವೈದೇಹಿ, ಆತು...”

ಅವಳು ಮುಂದೆ ಬಂದು, ಅವರು ಗಾಜು ಊರಲಿದ್ದ ಜಾಗದ ಮೇಲೆ ಅಂಗೈ ಇಟ್ಟಳು. ರಾಯರು ಗಾಜನ್ನು ಹಾಗೇ ಎತ್ತಿ ಹಿಡಿದು ನಿಂತರು. ಅವಳು ಬಿಲ್ಲನ್ನು ಬಿಚ್ಚಿಕೊಂಡು ನನ್ನ ಸ್ಕೂಟರ್ ಹತ್ತಿದಳು. “ನೀವೂ ಬನ್ನಿ,” ಎಂದೆ. “ನಕ್ಕೋರಿ, ನಾ ಒಲ್ಲೆ. ಅಕಿ ಎಳಿಯೂದು ನನಗ ನೋಡಾಕ ಆಗೂದಿಲ್ಲ,” ಎಂದು ಒಳಗೆ ಹೋದರು.

ಬಿಲ್ಲು ಮುರಿಯಲಿಲ್ಲ. ಬಾಣಗಳು ಗುರಿಯವರೆಗೂ ಹೋದವು. ಅಪ್ಪ ಮಾಡಿದ ಬಿಲ್ಲು ಹೀಗೆ ಗಟ್ಟಿಯಾಗಿ ಎಸೆದದ್ದನ್ನು ಅವಳು ಕಂಡದ್ದು ಆವತ್ತೇ ಮೊದಲು. ಜಿಲ್ಲೆಗೆ ಆಯ್ಕೆಯಾದಳು. ದಾರಿಯುದ್ದಕ್ಕೂ ಬೆನ್ನ ಹಿಂದೆ ಅವಳ ನಗು.

ಮನೆಯಲ್ಲಿ ರಾಯರು ಸುದ್ದಿ ಕೇಳಿ ತಲೆಯಾಡಿಸಿದರು. ಬಿಲ್ಲನ್ನು ಕಿಟಕಿಯ ಬೆಳಕಿಗೆ ಒಯ್ದು, ಹೊಟ್ಟೆಯ ಮೇಲೆ ಉಗುರು ಎಳೆಯುತ್ತ ಹೋದವರು ಮೇಲಿನ ತೋಳಿನ ಒಂದು ಕಡೆ ನಿಂತರು. “ಬರ್ರಿ ಇಲ್ಲಿ ಮೈಸೂರೋರ. ಗೆರಿ ಬಿದ್ದೈತಿ. ಅಡ್ಡಕ್ಕ, ಕೂದಲೆಳಿ ಹಂಗ. ಕಾಣ್ತೈತಿಲ್ಲೋ?”

ನಾನು ಬಗ್ಗಿ ನೋಡಿದೆ. ಅಷ್ಟು ಖಚಿತ. ಏನು ಕಂಡೆ ಎಂಬುದು ಮಾತ್ರ ನೆನೆದ ಪ್ರತಿಸಲವೂ ಬೇರೆ. ಒಮ್ಮೆ ಸಣ್ಣ ಗೆರೆಯೊಂದು ಕಣ್ಣಿಗೆ ಕಟ್ಟುತ್ತದೆ. ಇನ್ನೊಮ್ಮೆ ಬರೀ ಮರ, ಮರದ ಮೇಲೆ ಅವರ ಉಗುರು. ಗೆರೆ ಇದ್ದದ್ದೇ ಆದರೆ ಮುಂದಿನ ಎಳೆತಕ್ಕೆ ಬಿಲ್ಲು ಅಲ್ಲೇ ಮಡಚಿ ಮುರಿಯುತ್ತಿತ್ತು. ಇರದಿದ್ದರೆ, ರಾಯರ ಜೀವಮಾನದ ಒಂದೇ ಒಂದು ನಿಜವಾದ ಬಿಲ್ಲು ಅದು.

“ಗೆರಿನೂ ಸುತ್ತಮುತ್ತನೂ ಕೆರದು ತೆಗೀಬೇಕು,” ಎಂದರು. ವೈದೇಹಿ ಅವರ ಮುಖವನ್ನೇ ನೋಡುತ್ತಿದ್ದಳು. ಗೆರೆಯನ್ನು ತೋರಿಸು ಎಂದು ಕೇಳಲಿಲ್ಲ. “ತೆಗೀರಿ ಅಪ್ಪಾ,” ಎಂದಳು.

ವಾರ ಮುಗಿಯುವಷ್ಟರಲ್ಲಿ ಬಿಲ್ಲು ಸಮವಾಯಿತು, ಮೆತ್ತಗೂ ಆಯಿತು. ರಾಜ್ಯದ ಆಯ್ಕೆಗೆ ಅವಳು ಗೆಳತಿಯ ಬಿದಿರು ಬಿಲ್ಲು ಹಿಡಿದು ಹೋದಳು. ಕೈಗೆ ಹೊಂದದ ಬಿಲ್ಲು, ಬರಿಗೈಯಲ್ಲಿ ವಾಪಸಾದಳು. “ಮುರೀಲಿಲ್ಲಲ್ಲ?” ಎಂದು ಕೇಳಿದರು ರಾಯರು. ಇಲ್ಲ ಎಂದಳು. ಮತ್ತೆ ಅವಳು ಬಿಲ್ಲು ಹಿಡಿಯಲಿಲ್ಲ. ಹಿಡಿಯುವವರಿಲ್ಲದ ಮೇಲೆ ರಾಯರ ವರಾಂಡದಲ್ಲಿ ಗಾಜಿನ ಸದ್ದೂ ನಿಂತಿತು.

ಕೆಲಸ ಬದಲಿಸಿ ನಾನು ಪುಣೆಗೆ ಹೋದ ಮೇಲೆ ಅವರು ತೀರಿಕೊಂಡರು. ಮನೆ ಕೆಡವಿದ್ದಾರೆ. ಹೋದ ಸಲ ಮಿಯಾಪುರದಲ್ಲಿ ವೈದೇಹಿಯ ಫ್ಲ್ಯಾಟಿಗೆ ಹೋದಾಗ, ತಡೆಯಲಾಗದೆ ಕೇಳಿಯೇಬಿಟ್ಟೆ: “ಆ ಗೆರೆ ನಿಜವಾಗಿ ಇತ್ತಾ?”

“ನೀವು ನೋಡಿದ್ರಲ್ಲ.”

“ನೋಡಿದ್ದೆ. ಅದನ್ನೇ ನಂಬಕ್ಕಾಗ್ತಿಲ್ಲ.”

“ಇನ್ನೂ ಟೆಸ್ಟಿಂಗ್ ಬಿಟ್ಟಿಲ್ಲೇನ್ರಿ ನೀವು?” ಎಂದು ನಕ್ಕಳು. “ಹೆಂಗ ಗೊತ್ತಾಗಬೇಕು? ಇದ್ದಿದ್ರೂ ಅಪ್ಪಾ ಕೆರದು ಪುಡಿ ಮಾಡಿ, ಸಂಜಿಗೆ ಕಸದಾಗ ಗುಡಿಸಿ ಹಾಕಿದ್ರು.”

“ಮತ್ತೆ ಬಿಲ್ಲು ಯಾಕೆ ಕೊಟ್ಟೆ? ಒಂದು ಸಲ ನೀನೇ ನೋಡಬಹುದಿತ್ತು.”



“ನೋಡಿ ಗೆರಿ ಇಲ್ಲ ಅಂತ ಆಗಿದ್ರ, ಅಪ್ಪಾಗ ಅದನ್ನ ಹೇಳೂದು ನನ್ನ ಪಾಲಿಗೆ ಬರ್ತಿತ್ತಲ್ರಿ,” ಎಂದಳು.