ಶೃಂಗೇರಿ ಬಸ್ಸಿನಲ್ಲಿ ಬಾರದವಳು

ಕೊಪ್ಪದ ಬಳಿಯ ಬಾಳಗಡಿಯ ಕಾಲೇಜು ಹಾಸ್ಟೆಲಿನಲ್ಲಿ ಶಿಲ್ಪಶ್ರೀಗೆ ಪುಸ್ತಕದ ಹುಳು ಎಂದೇ ಹೆಸರು. ನರಸಿಂಹರಾಜಪುರದ ಕಿರಾಣಿ ಅಂಗಡಿ ಶಾಂತವೀರಪ್ಪನ ಮಗಳು. ಹಾಸ್ಟೆಲಿನ ಹುಡುಗಿಯರಿಗೆ ಲೀಡರ್ ಕೂಡ. ಮುಂದೆಂದೋ ಒಂದು ಕಾಲದಲ್ಲಿ, ಕುಡಿಯುವ ನೀರಿಗೆ ಬೀಗ ಹಾಕಿ ದೇಶ ಆಳುವ ಕ್ರೂರ ಹೆಂಗಸೊಬ್ಬಳ ಕಥಾಸರಣಿಯನ್ನು ಅವಳು ಪೂರ್ತಿ ಓದಿದ್ದಳು. ಈಗ ಕೈಯಲ್ಲಿದ್ದದ್ದು ಅದರ ಪೂರ್ವಕಥೆ. ಇದರಲ್ಲಿ ಆ ಹೆಂಗಸು ಇನ್ನೂ ಕಾಲೇಜು ಹುಡುಗಿ. ತನ್ನ ಪಾಲಿನ ನೀರನ್ನು ಗೆಳತಿಗೆ ಕೊಡುವವಳು. ಮುಂದೇನಾಗುತ್ತಾಳೆಂದು ಗೊತ್ತಿದ್ದೂ ಶಿಲ್ಪಶ್ರೀಗೆ ಅವಳ ಮೇಲೆ ಪ್ರೀತಿ ಹುಟ್ಟಿಬಿಟ್ಟಿತ್ತು.

ಆ ಭಾನುವಾರ ಮಧ್ಯಾಹ್ನ ಕಥೆ ಕೆಟ್ಟ ತಿರುವಿಗೆ ಬಂದಿತ್ತು. ತಲೆಮರೆಸಿಕೊಂಡ ಗೆಳತಿ ಎಲ್ಲಿದ್ದಾಳೆಂದು ಸೈನಿಕರು ಹುಡುಗಿಯನ್ನು ಕೇಳುತ್ತಿದ್ದರು.

“ಹೇಳ್ಬೇಡ ಕಣೇ,” ಎಂದಳು ಶಿಲ್ಪಶ್ರೀ, ಬಾಯಿಬಿಟ್ಟೇ.

ಪುಸ್ತಕದ ಹುಡುಗಿ ಹೇಳಿಬಿಟ್ಟಳು, ಗೆಳತಿಯ ಒಳ್ಳೆಯದಕ್ಕೇ ಎಂದುಕೊಂಡು.

ತಲೆಯೆತ್ತಿದರೆ ಬಾಗಿಲಲ್ಲಿ ವಾರ್ಡನ್ ಪ್ರೇಮಕ್ಕ.

“ಶ್ರೀರಕ್ಷಾ ಎಲ್ಲೇ?”

ಶ್ರೀರಕ್ಷಾ ಅದೇ ರೂಮಿನವಳು, ಹರಿಹರಪುರದ ಹುಡುಗಿ. ಅವಳ ಅಮ್ಮ ಗಂಡನ ಮನೆ ಬಿಟ್ಟು ಶೃಂಗೇರಿಯ ಒಂದು ಹೋಟೆಲಿನಲ್ಲಿ ಅಡುಗೆಗಿದ್ದಳು. ಅಮ್ಮನ ಮುಖ ನೋಡಿದರೆ ಕಾಲೇಜು ಬಿಡಿಸುತ್ತೇನೆಂದು ಅಪ್ಪ ಹೇಳಿಟ್ಟಿದ್ದ. ಬೆಳಿಗ್ಗೆ ಅವಳು ಅಮ್ಮನನ್ನು ನೋಡಲು ಕದ್ದು ಹೋದದ್ದು ಶಿಲ್ಪಶ್ರೀಗೆ ಮಾತ್ರ ಗೊತ್ತು.

“ಗೊತ್ತಿದೆ ಅಕ್ಕ. ಹೇಳಲ್ಲ.”

“ಫೋನ್ ಸ್ವಿಚ್ ಆಫ್ ಮಾರಾಯ್ತಿ! ಏನಾದ್ರೂ ಹೆಚ್ಚುಕಮ್ಮಿ ಆದ್ರೆ? ಅವ್ಳ ಅಪ್ಪಂಗೇ ಕೇಳ್ತೀನಿ.”

“ಸಂಜೆ ಬಸ್ಸಿನ ತನಕ ತಡೀರಿ ಅಕ್ಕ. ಅದ್ರಲ್ಲಿ ಬರ್ಲಿಲ್ಲ ಅಂದ್ರೆ ನಾನೇ ಎಲ್ಲಾ ಹೇಳ್ತೀನಿ.”

ಪ್ರೇಮಕ್ಕ ಮತ್ತೆರಡು ಸಲ ಶ್ರೀರಕ್ಷಾಳ ಫೋನಿಗೆ ಮಾಡಿ ನೋಡಿದರು. ಅವರದು ಸಿಟ್ಟಲ್ಲ, ಹೆದರಿಕೆ ಎಂದು ಶಿಲ್ಪಶ್ರೀಗೆ ಆಗ ತಿಳಿಯಿತು.

ಇಬ್ಬರೂ ಕೊಪ್ಪದ ಬಸ್‌ಸ್ಟ್ಯಾಂಡಿಗೆ ಹೋಗಿ ಕಾದರು. ಶೃಂಗೇರಿ ಬಸ್ಸು ಬಂತು. ಒಬ್ಬೊಬ್ಬರಾಗಿ ಎಲ್ಲರೂ ಇಳಿದರು, ಕೊನೆಗೆ ಕಂಡಕ್ಟರ್ ಕೂಡ. ಶ್ರೀರಕ್ಷಾ ಇಳಿಯಲಿಲ್ಲ.

ಶಿಲ್ಪಶ್ರೀಗೆ ಪುಸ್ತಕ ನೆನಪಾಯಿತು. ಅದರ ಹುಡುಗಿಯೂ ಒಳ್ಳೆಯದಕ್ಕೇ ಎಂದುಕೊಂಡು ಗೆಳತಿಯನ್ನು ಹಿಡಿದುಕೊಟ್ಟಿದ್ದಳಲ್ಲ! ಆದರೆ ಶ್ರೀರಕ್ಷಾ ಎಲ್ಲೋ ದಾರಿಯಲ್ಲಿ ಬಿದ್ದಿದ್ದರೆ? ಅವಳು ಎಲ್ಲವನ್ನೂ ಹೇಳಿದಳು. ಹೇಳಿ, ಪ್ರೇಮಕ್ಕನ ಕೈ ಹಿಡಿದುಕೊಂಡಳು.

“ಅಪ್ಪಂಗೆ ಮಾತ್ರ ಬೇಡ ಅಕ್ಕ, ಓದು ಬಿಡಿಸ್ತಾರೆ. ಅಮ್ಮನ ನಂಬರ್ ನನ್ಹತ್ರ ಇದೆ. ಬೈಯೋದಿದ್ರೆ ನಂಗೆ ಬೈರಿ.”

ಪ್ರೇಮಕ್ಕ ಆ ನಂಬರಿಗೇ ಫೋನ್ ಮಾಡಿದರು. ಹುಡುಗಿಗೆ ಜ್ವರ, ಮಾತ್ರೆ ನುಂಗಿ ಮಲಗಿಬಿಟ್ಟಿದ್ದಾಳೆ, ಮುಂದಿನ ಬಸ್ಸಿಗೆ ತಾನೇ ಕರೆತರುತ್ತೇನೆಂದು ಅಮ್ಮ ಅತ್ತಳು.

ಹಾಗೇ ಕರೆತಂದಳು. ಪ್ರೇಮಕ್ಕ ಹುಡುಗಿಯ ಹಣೆ ಮುಟ್ಟಿ ನೋಡಿದರು. “ಹೇಳಿ ಹೋಗಕ್ಕೆ ಏನಾಗಿತ್ತು ನಿಂಗೆ?” ಎಂದರು, ಅಷ್ಟೇ. ಅಪ್ಪನಿಗೆ ಸುದ್ದಿ ಹೋಗಲಿಲ್ಲ. ಆದರೆ ಮಾರನೆಯ ದಿನವೇ ಶಿಲ್ಪಶ್ರೀಯ ಲೀಡರ್‌ಗಿರಿ ಹೋಯಿತು.

ಶ್ರೀರಕ್ಷಾ ಮಾತು ಬಿಟ್ಟಳು. “ಹೇಳ್ಬಿಟ್ಯಲ್ಲೇ,” ಎಂದದ್ದೇ ಕೊನೆಯ ಮಾತು. “ಹೇಳ್ದೆ,” ಎಂದಳು ಶಿಲ್ಪಶ್ರೀ. ಸಮಜಾಯಿಷಿ ಕೊಡಲಿಲ್ಲ.

ಮುಂದಿನ ಭಾನುವಾರ ಶ್ರೀರಕ್ಷಾ ತಾನೇ ವಾರ್ಡನ್ ಮುಂದೆ ನಿಂತಳು. “ಅಮ್ಮನ ಹತ್ರ ಹೋಗ್ಬೇಕು.”

“ಒಬ್ಳೇ ಬೇಡ,” ಎಂದರು ಪ್ರೇಮಕ್ಕ. “ಶಿಲ್ಪಶ್ರೀನ ಕರ್ಕೊಂಡ್ ಹೋಗು.”

ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತರೂ ಇಬ್ಬರಲ್ಲೂ ಮಾತಿಲ್ಲ. ದಾರಿಯಲ್ಲಿ ಅಪ್ಪನ ಊರು ಹರಿಹರಪುರ ಹತ್ತಿರವಾದಂತೆ ಕಿಟಕಿಯ ಬಳಿ ಕೂತಿದ್ದ ಶ್ರೀರಕ್ಷಾ ವೇಲನ್ನು ತಲೆಯ ಮೇಲೆಳೆದುಕೊಂಡು ತಗ್ಗಿದಳು. ಶಿಲ್ಪಶ್ರೀ ಎದ್ದು, ಅವಳನ್ನು ಈಚೆ ಸರಿಸಿ, ಕಿಟಕಿಯ ಪಕ್ಕ ತಾನು ಕೂತಳು.